ಸದ್ದು ಮಾಡುವ ಪದಕ



ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳಿದ್ದರೆ ಎತ್ತಿಟ್ಟುಕೊಳ್ಳಿ. ಹೋದ ವರ್ಷದ ಕ್ಯಾಲೆಂಡರು, ಸಿಹಿತಿಂಡಿ ಡಬ್ಬಿಯ ರಟ್ಟು, ನಾಲ್ಕಾರು ಹಳೆಯ ದಿನಪತ್ರಿಕೆ, ಒಂದು ಕತ್ತರಿ, ಒಂದು ಬಟ್ಟಲು ಮೈದಾ ಅಂಟು. ಅಂಟು ಕೆಡದಿರಲಿ ಎಂದು ಚಿಟಿಕೆ ಮೈಲುತುತ್ತ ಹಾಕುವ ರೂಢಿ ಕೆಲವರಲ್ಲಿದೆ. ಮಕ್ಕಳ ಬೆರಳು ಬಾಯಿಗೆ ಹೋಗುತ್ತದೆ, ದಯವಿಟ್ಟು ಹಾಕಬೇಡಿ. ಆ ದಿನಕ್ಕೆ ಬೇಕಾದಷ್ಟನ್ನೇ ಕಾಯಿಸಿಕೊಳ್ಳಿ. ಇಷ್ಟು ಸಾಮಾನಿದ್ದರೆ ಈ ಬೇಸಿಗೆ ರಜೆಯಲ್ಲಿ ಮಕ್ಕಳು ಮನೆಯ ಪಡಸಾಲೆಯಲ್ಲೇ ಒಲಿಂಪಿಕ್ಸ್ ನಡೆಸಬಹುದು. ಹೇಗೆ ಎಂದು ಹೇಳುವುದಕ್ಕೆ ಬಂದಿದ್ದೇನೆ.

ಬಾನುಲಿಯಲ್ಲಿ ಕಾಗದದ ಕೆಲಸ ಹೇಳಿಕೊಡುತ್ತೇನೆ ಎಂದಾಗ ಗೆಳತಿಯೊಬ್ಬರು, ‘ಕಣ್ಣಿಗೆ ಕಾಣಿಸದೆ ಹೇಗೆ ಕಲಿಸುತ್ತೀರಿ?’ ಎಂದು ಕೇಳಿದರು. ನನಗೆ ಈ ಕೆಲಸದ ಸರಿಯಾದ ದಾರಿ ತೋರಿಸಿದವಳೇ ಕಣ್ಣು ಕಾಣದ ಒಬ್ಬ ಹುಡುಗಿ.

ಹಾಸನ ಜಿಲ್ಲೆಯ ಒಂದು ಪ್ರಾಥಮಿಕ ಶಾಲೆಯಲ್ಲಿ ನಾನು ಬಹಳ ವರ್ಷ ಪಾಠ ಮಾಡಿದೆ. ನಾಲ್ಕು ವರ್ಷಕ್ಕೊಮ್ಮೆ ಒಲಿಂಪಿಕ್ಸ್ ಬಂದಾಗ ಐದು ಬಳೆಗಳ ಚಿತ್ರವನ್ನು ಜೆರಾಕ್ಸ್ ಮಾಡಿಸಿ ಹಂಚುತ್ತಿದ್ದೆ. ಮಕ್ಕಳು ಬಣ್ಣ ತುಂಬುತ್ತಿದ್ದರು, ಗೋಡೆಗೆ ಅಂಟಿಸುತ್ತಿದ್ದೆವು. 2016ರ ಆಗಸ್ಟ್‌ನಲ್ಲಿ ಬ್ರೆಜಿಲ್ ದೇಶದ ರಿಯೊ ಡಿ ಜನೈರೊ ನಗರದಲ್ಲಿ ಕ್ರೀಡಾಕೂಟ ನಡೆಯುತ್ತಿದ್ದಾಗ ನನ್ನ ನಾಲ್ಕನೇ ತರಗತಿಯಲ್ಲಿ ಈ ಹುಡುಗಿ ಇದ್ದಳು. ಗೋಡೆಯ ಹತ್ತಿರ ಬಂದು ಹಾಳೆಯ ಮೇಲೆ ಅಂಗೈ ಆಡಿಸಿದಳು. ಇನ್ನೊಂದು ಸಲ ಆಡಿಸಿದಳು. ‘ಮಿಸ್, ಬಳೆ ಎಲ್ಲಿದೆ? ಇಲ್ಲಿ ಬರೀ ಕಾಗದ ಇದೆ’ ಎಂದಳು.

ಅವಳು ಹೇಳಿದ್ದು ನಿಜ. ಉಳಿದ ಮಕ್ಕಳಿಗೂ ಅಲ್ಲಿ ಬಳೆ ಇರಲಿಲ್ಲ. ಗೆರೆ ದಾಟದಂತೆ ತುಂಬಬೇಕಾದ ಬಣ್ಣವಷ್ಟೇ ಇತ್ತು. ಅಂದೇ ನಾನೊಂದು ನಿಯಮ ಮಾಡಿಕೊಂಡೆ. ಮಕ್ಕಳು ಮಾಡುವ ವಸ್ತು ಕೈಗೆ ತಿಳಿಯಬೇಕು, ಇಲ್ಲವೇ ಕಿವಿಗೆ ತಿಳಿಯಬೇಕು. ಕಣ್ಣಿಗೆ ಚೆಂದ ಕಂಡರಷ್ಟೇ ಸಾಲದು. ಈವತ್ತು ನಾನು ಹೇಳುವುದೆಲ್ಲ ಆ ನಿಯಮದಿಂದ ಹುಟ್ಟಿದ್ದು.

ಮೊದಲು ಆ ಬಳೆಗಳನ್ನೇ ಮಾಡೋಣ. ಅಮ್ಮನ ಬಳೆಯೊಂದು, ಪುಟ್ಟ ಮಗುವಿನ ಬಳೆಯೊಂದು ತನ್ನಿ. ಲಗ್ನಪತ್ರಿಕೆಯ ದಪ್ಪ ಕಾಗದದ ಮೇಲೆ ಅಮ್ಮನ ಬಳೆ ಇಟ್ಟು ಸುತ್ತ ಗೆರೆ ಎಳೆಯಿರಿ. ಅದರ ನಟ್ಟನಡುವೆ ಮಗುವಿನ ಬಳೆ ಇಟ್ಟು ಇನ್ನೊಂದು ಗೆರೆ. ಹೊರಗಿನ ಗೆರೆಯ ಮೇಲೆ ಕತ್ತರಿಸಿದ ಮೇಲೆ, ಕಾಗದವನ್ನು ಮೆಲ್ಲಗೆ ಅರ್ಧಕ್ಕೆ ಬಗ್ಗಿಸಿ ನಡುವೆ ಕತ್ತರಿಗೆ ದಾರಿ ಮಾಡಿಕೊಂಡು ಒಳಗಿನ ಗುಂಡನ್ನು ತೆಗೆಯಿರಿ. ಕಾಗದದ ಬಳೆ ಆಯಿತು. ಹೀಗೆ ಐದು ಬೇಕು. ಬಣ್ಣಕ್ಕೆ ಅಂಗಡಿಗೆ ಹೋಗಬೇಕಾಗಿಲ್ಲ. ಹಳದಿಗೆ ಅರಿಶಿನ ಇದೆ. ಅದೇ ಅರಿಶಿನಕ್ಕೆ ಸುಣ್ಣದ ತಿಳಿ ಬೆರೆಸಿದರೆ ಓಕುಳಿಯ ಕೆಂಪು. ಸುಣ್ಣದ ಕೆಲಸ ಮಾತ್ರ ದೊಡ್ಡವರೇ ಮಾಡಿಕೊಡಿ. ಬಟ್ಟೆಗೆ ಹಾಕುವ ನೀಲಿ, ಇದ್ದಿಲಿನ ಕಪ್ಪು, ಹಸಿರಿಗೆ ಸೊಪ್ಪಿನ ರಸ.

ಈಗ ಗಮನವಿಟ್ಟು ಕೇಳಿ. ಮೇಲಿನ ಸಾಲಿನಲ್ಲಿ ನೀಲಿ, ಕಪ್ಪು, ಕೆಂಪು. ಈ ಮೂರಕ್ಕೆ ಮತ್ತೆ ಕತ್ತರಿ ತಾಗಿಸಬಾರದು. ಕೆಳಗಿನ ಹಳದಿ ಮತ್ತು ಹಸಿರು ಬಳೆಗಳಿಗೆ ಮಾತ್ರ ಒಂದೊಂದು ಕಡೆ ಸೀಳು ಕೊಡಿ. ಹಳದಿಯ ಸೀಳನ್ನು ಅಗಲಿಸಿ ನೀಲಿಯನ್ನೂ ಕಪ್ಪನ್ನೂ ಅದರೊಳಗೆ ಸೇರಿಸಿ. ಸೀಳಿನ ಹಿಂಬದಿಗೆ ಚೂರು ಕಾಗದ ಅಂಟಿಸಿ ಮುಚ್ಚಿಬಿಡಿ. ಹಸಿರಿನೊಳಗೆ ಕಪ್ಪು ಮತ್ತು ಕೆಂಪನ್ನು ಹಾಗೆಯೇ ಸೇರಿಸಿ. ಆರಿದ ಮೇಲೆ ಕೆಂಪು ಬಳೆಯೊಂದನ್ನೇ ಹಿಡಿದು ಎತ್ತಿ. ಆ ಹುಡುಗಿ ಎತ್ತಿದಾಗ ಅವಳ ಮುಖ ನೋಡಬೇಕಿತ್ತು. ‘ಒಂದು ಹಿಡಿದ್ರೆ ಐದೂ ಬಂತು ಮಿಸ್’ ಎಂದಳು.

ಈ ಚಿಹ್ನೆಯೂ ಒಬ್ಬರ ಕೈಕೆಲಸವೇ. ಆಧುನಿಕ ಒಲಿಂಪಿಕ್ಸ್ ಕಟ್ಟಿದ ಫ್ರಾನ್ಸಿನ ಪಿಯರ್ ಡಿ ಕೂಬರ್ತಾ 1913ರಲ್ಲಿ ಒಂದು ಕಾಗದದ ತಲೆಯ ಮೇಲೆ ಐದು ಬಳೆಗಳನ್ನು ಬರೆದು, ತಾವೇ ಬಣ್ಣ ಹಚ್ಚಿದರು. ಐದು ಬಳೆ ಎಂದರೆ ಐದು ಖಂಡ. ಬಳೆಗಳ ಐದು ಬಣ್ಣ, ಹಿಂದಿನ ಬಿಳಿ ಸೇರಿ ಆರು ಬಣ್ಣಗಳಲ್ಲಿ ಅಂದಿನ ಎಲ್ಲ ದೇಶಗಳ ಧ್ವಜಗಳ ಬಣ್ಣವೂ ಬಂದುಬಿಡುತ್ತದೆ ಎನ್ನುವುದು ಅವರ ಲೆಕ್ಕ. ಇದನ್ನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ಮತ್ತೆ ನಮ್ಮ ಕೇಸರಿ ಎಲ್ಲಿ ಮಿಸ್?’ ಎಂದು ಕೇಳಿದ. ಎಂಥ ಒಳ್ಳೆಯ ಪ್ರಶ್ನೆ! ಬಣ್ಣದ ಡಬ್ಬಿ ಮುಂದಿಟ್ಟುಕೊಂಡು ಕೂತವನಿಗೆ ಮಾತ್ರ ಹೊಳೆಯುವ ಪ್ರಶ್ನೆ. 1913ರಲ್ಲಿ ನಮ್ಮ ತ್ರಿವರ್ಣ ಧ್ವಜ ಇನ್ನೂ ಹುಟ್ಟಿರಲಿಲ್ಲ. ಸಂವಿಧಾನ ಸಭೆ ಅದನ್ನು ಒಪ್ಪಿಕೊಂಡದ್ದು 1947ರ ಜುಲೈ 22ರಂದು. ಐದು ಬಳೆಗಳ ಬಾವುಟ ಒಲಿಂಪಿಕ್ಸ್‌ನಲ್ಲಿ ಮೊದಲು ಹಾರಿದ್ದು 1920ರಲ್ಲಿ, ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ. ಭಾರತ ಮೊದಲ ಬಾರಿಗೆ ತಂಡ ಕಳಿಸಿದ್ದೂ ಅದೇ ಕೂಟಕ್ಕೆ. ಆ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು, ಮ್ಯಾರಥಾನ್ ಓಡಿ 19ನೆಯವರಾದರು. ಹೊಚ್ಚಹೊಸ ಆ ಬಾವುಟದ ಕೆಳಗೆ ಒಬ್ಬ ಬೆಳಗಾವಿಯ ಓಟಗಾರ ಓಡಿದ್ದನ್ನು ನಮ್ಮ ಮಕ್ಕಳಿಗೆ ನಾವು ಹೇಳಲೇಬೇಕು.

ಇನ್ನು ಬಾವುಟಗಳ ಮೆರವಣಿಗೆ. ಒಲಿಂಪಿಕ್ಸ್ ಉದ್ಘಾಟನೆಯಲ್ಲಿ ಗ್ರೀಸ್ ಮೊದಲು ಬರುತ್ತದೆ, ಕೂಟ ನಡೆಸುವ ದೇಶ ಕೊನೆಗೆ. ನಡುವಿನ ದೇಶಗಳು ಹೆಚ್ಚಾಗಿ ಆತಿಥೇಯರ ಭಾಷೆಯ ಕ್ರಮದಲ್ಲಿ ಬರುತ್ತವೆ. 1988ರಲ್ಲಿ ಸೋಲ್ ನಗರದಲ್ಲಿ ಕೊರಿಯನ್ ಅಕ್ಷರಗಳ ಕ್ರಮ ಹಿಡಿದದ್ದರಿಂದ ಗ್ರೀಸ್ ಬೆನ್ನಿಗೇ ಘಾನಾ ಬಂತು. 2008ರಲ್ಲಿ ಬೀಜಿಂಗ್‌ನಲ್ಲಿ ಚೀನೀ ಅಕ್ಷರ ಬರೆಯಲು ಬೇಕಾಗುವ ಗೀಟುಗಳ ಎಣಿಕೆಯ ಮೇಲೆ ಸಾಲು ಮಾಡಿದರು, ಗಿನಿ ದೇಶ ಎರಡನೆಯದಾಯಿತು. ಹಾಗಿದ್ದರೆ ನಮ್ಮ ಪಡಸಾಲೆಯ ಕೂಟದಲ್ಲಿ ದೇಶಗಳು ಕನ್ನಡ ವರ್ಣಮಾಲೆಯ ಕ್ರಮದಲ್ಲೇ ಬರಬೇಕಲ್ಲವೇ?

ಕ್ಯಾಲೆಂಡರಿನ ಬಿಳಿ ಬೆನ್ನಿನ ಮೇಲೆ ಬಾವುಟ ಬರೆದು, ತೆಂಗಿನ ಗರಿಯ ಕಡ್ಡಿಗೆ ಅಂಟಿಸಿ, ಒಬ್ಬೊಬ್ಬ ಮಗುವಿಗೆ ಒಂದೊಂದು ದೇಶ ಕೊಡಿ. ಸಾಲು ಕಟ್ಟುವ ಕೆಲಸ ಅವರದ್ದೇ. ನನ್ನ ತರಗತಿಯಲ್ಲಿ ದೊಡ್ಡ ಜಗಳವೇ ಆಯಿತು. ಅಂಗೋಲಾ ಎಲ್ಲಿ ನಿಲ್ಲಬೇಕು? ವರ್ಣಮಾಲೆ ಹೇಳುವಾಗ ‘ಅಂ’ ಬರುವುದು ‘ಔ’ ಆದ ಮೇಲೆ ಎಂದು ಒಂದು ಗುಂಪು. ನಿಘಂಟು ತೆಗೆದರೆ ‘ಅಂಕ’ ಮೊದಲ ಪುಟಗಳಲ್ಲೇ ಇದೆ ಎಂದು ಇನ್ನೊಂದು ಗುಂಪು. ಅಂದು ನಾಲ್ಕನೇ ತರಗತಿಯ ಮಕ್ಕಳು ತಾವಾಗಿ ನಿಘಂಟು ಕೇಳಿ ತಂದು ಹುಡುಕಿದರು. ಅಂಥ ದಿನ ಮೇಷ್ಟರ ಬದುಕಿನಲ್ಲಿ ದಿನಾ ಬರುವುದಿಲ್ಲ. ಕೊನೆಗೆ ನಿಘಂಟಿನ ಗುಂಪು ಗೆದ್ದಿತು. ಭಾರತ ಎಲ್ಲಿ ಬಂತು ಗೊತ್ತೇ? ಬ್ರೆಜಿಲ್ ಮುಂದೆ, ಭೂತಾನ್ ಹಿಂದೆ, ನಡುವೆ ನಾವು.

ಬಾವುಟಗಳಲ್ಲಿ ನೇಪಾಳದ್ದು ಕೈಗೆ ತಕ್ಷಣ ತಿಳಿಯುತ್ತದೆ. ಲೋಕದ ದೇಶಗಳಲ್ಲೆಲ್ಲ ಚೌಕಾಕಾರವೂ ಆಯತಾಕಾರವೂ ಅಲ್ಲದ ಬಾವುಟ ಅದೊಂದೇ. ಒಂದರ ಮೇಲೊಂದು ಎರಡು ತ್ರಿಕೋನ. ಅದನ್ನು ಯಾವ ಗೆರೆಯಿಂದ ಶುರುಮಾಡಿ ಹೇಗೆ ಬರೆಯಬೇಕು ಎನ್ನುವ ಜ್ಯಾಮಿತಿ ಆ ದೇಶದ ಸಂವಿಧಾನದಲ್ಲೇ ಇದೆ. ಸ್ವಿಟ್ಜರ್ಲೆಂಡಿನದು ಸರಿಯಾದ ಚೌಕ. ನಮ್ಮ ಹುಡುಗಿ ಅಂಚು ಸವರಿ ಇವೆರಡನ್ನೂ ಥಟ್ಟನೆ ಹೇಳುತ್ತಿದ್ದಳು.

ನಮ್ಮ ಬಾವುಟದ ಉದ್ದ ಮೂರು ಪಾಲು, ಅಗಲ ಎರಡು ಪಾಲು. ಚಕ್ರದ 24 ಕಡ್ಡಿಗಳನ್ನು ಸರಿಯಾಗಿ ಎಳೆಯುವುದು ಮಕ್ಕಳಿಗೆ ಕಷ್ಟ. ಅದಕ್ಕೊಂದು ಉಪಾಯ ಇದೆ. ತೆಳು ಕಾಗದದ ಒಂದು ಗುಂಡು ಕತ್ತರಿಸಿ. ಅರ್ಧಕ್ಕೆ ಮಡಿಸಿ, ಮತ್ತೆ ಅರ್ಧಕ್ಕೆ, ಮತ್ತೂ ಅರ್ಧಕ್ಕೆ. 8 ಪಾಲಾಯಿತು. ಈಗ ಆ ಮಡಿಕೆಯನ್ನು ಮೂರಾಗಿ ಮಡಿಸಿ, ಉಗುರಿನಿಂದ ಒತ್ತಿ, ಪೂರ್ತಿ ಬಿಡಿಸಿ. ನಡುವಿನಿಂದ ಹೊರಟ 24 ಗೆರೆಗಳು ಬೆರಳಿಗೇ ತಾಗುತ್ತವೆ. ಗೆರೆಗಳ ಮೇಲೆ ನೀಲಿ ಎಳೆದರೆ ಸಾಕು. ಆಟ ಮುಗಿದ ಮೇಲೆ ಕಾಗದದ ರಾಷ್ಟ್ರಧ್ವಜವನ್ನು ನೆಲಕ್ಕೆ ಬಿಸಾಡಬಾರದು ಎಂದು ಧ್ವಜ ಸಂಹಿತೆ ಹೇಳುತ್ತದೆ. ಪುಸ್ತಕದೊಳಗೆ ಎತ್ತಿಡುವ ಅಭ್ಯಾಸ ಮಾಡಿಸಿ.

ಇನ್ನೊಂದು ಕೆಲಸ ಬಹಳ ಸುಲಭ, ನನಗೆ ಬಹಳ ಪ್ರೀತಿಯದು. ಅದಕ್ಕೆ ಅಂಟು ಮತ್ತು ಹಳೆಯ ದಿನಪತ್ರಿಕೆ ಸಾಕು. ಪತ್ರಿಕೆಯನ್ನು ಅಂಗೈ ಅಗಲದ ಪಟ್ಟಿಗಳಾಗಿ ಕತ್ತರಿಸಿ, ತುದಿಗೆ ತುದಿ ಅಂಟಿಸುತ್ತ ಹೋಗಿ. ಎಷ್ಟು ಉದ್ದ? 8 ಮೀಟರ್ 90 ಸೆಂಟಿಮೀಟರ್. 1968ರ ಅಕ್ಟೋಬರ್ 18ರಂದು ಮೆಕ್ಸಿಕೊ ನಗರದಲ್ಲಿ ಅಮೆರಿಕದ ಬಾಬ್ ಬೀಮನ್ ಒಂದೇ ನೆಗೆತಕ್ಕೆ ದಾಟಿದ ದೂರ ಅದು. ಅದಕ್ಕೆ ಮೊದಲು ಲೋಕದ ದಾಖಲೆ 8.35 ಮೀಟರ್ ಇತ್ತು. ದೂರ ಅಳೆಯಲು ತಂದಿದ್ದ ಹೊಸ ಯಂತ್ರ ಅವನು ಇಳಿದ ಜಾಗದವರೆಗೆ ಹೋಗಲಿಲ್ಲ. ಟೇಪು ತರಿಸಿ ಕೈಯಿಂದ ಅಳೆದರು. ಮೀಟರ್ ಲೆಕ್ಕ ಅವನಿಗೆ ಅರ್ಥವಾಗಲಿಲ್ಲ. ಅಡಿ ಅಂಗುಲದಲ್ಲಿ ಬಿಡಿಸಿ ಹೇಳಿದಾಗ ಕಾಲು ಸೋತು ನೆಲಕ್ಕೆ ಕುಸಿದ.

8.90 ಎಂದು ಕಪ್ಪು ಹಲಗೆಯ ಮೇಲೆ ಬರೆದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಅಷ್ಟೆ. ಪಟ್ಟಿಯನ್ನು ಶಾಲೆಯ ಜಗಲಿಯ ಮೇಲೆ ಉದ್ದಕ್ಕೆ ಹಾಸಿದಾಗ ಗದ್ದಲವೆಲ್ಲ ನಿಂತುಹೋಯಿತು. ಹೆಣ್ಣುಮಕ್ಕಳಿಗೆ ಅಂದಾಜು ಸಿಗಲಿ ಎಂದು ಹೇಳುತ್ತೇನೆ: ಐದೂವರೆ ಮೀಟರಿನ ಒಂದು ಸೀರೆ ಹಾಸಿ, ಅದರ ಸೆರಗಿನಿಂದ ಮುಂದೆ ಇನ್ನೂ 3 ಮೀಟರ್ 40 ಸೆಂಟಿಮೀಟರ್. ಆ ಹುಡುಗಿ ಪಟ್ಟಿಯ ಮೇಲೆ ಕೈ ಊರಿಕೊಂಡು ಈ ತುದಿಯಿಂದ ಆ ತುದಿಗೆ ನಡೆದಳು. ‘ಇಷ್ಟೂ ಗಾಳೀಲೇ ಇದ್ನಾ ಮಿಸ್?’ ಎಂದು ಕೇಳಿದಳು. ಮನೆಯಲ್ಲಿ ಅಷ್ಟು ಉದ್ದದ ಜಾಗ ಇಲ್ಲದಿದ್ದರೆ ಬೀದಿಯಲ್ಲಿ, ದೇವಸ್ಥಾನದ ಅಂಗಳದಲ್ಲಿ ಹಾಸಿ. ಪಕ್ಕದಲ್ಲಿ ಪ್ರತಿ ಮಗುವೂ ನೆಗೆದು, ತಾನು ಇಳಿದಲ್ಲಿ ತನ್ನ ಹೆಸರಿನ ಚೀಟಿ ಅಂಟಿಸಲಿ. ಮುಂದಿನ ವಾರ ಚೀಟಿ ಎಷ್ಟು ಮುಂದೆ ಹೋಯಿತು ಎನ್ನುವುದೇ ಅವರ ಪದಕ.

ಹಾಗೆಯೇ ಗೋಡೆಗೊಂದು ಪಟ್ಟಿ ಇರಲಿ. ನೆಲದಿಂದ 1 ಮೀಟರ್ 74 ಸೆಂಟಿಮೀಟರ್ ಎತ್ತರದಲ್ಲಿ, ಅಡ್ಡಕ್ಕೆ. ನಮ್ಮ ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ, ಅಂದರೆ ಅಂಗವಿಕಲ ಕ್ರೀಡಾಪಟುಗಳ ಕೂಟದಲ್ಲಿ, ಹಾರಿದ ಎತ್ತರ ಅದು. ಎಡಗಾಲಿನ ಊನ ಇಟ್ಟುಕೊಂಡು ಅಷ್ಟು ಹಾರಿ ಬೆಳ್ಳಿ ತಂದರು. ಫಿಜಿ ದೇಶದ ಸ್ಪರ್ಧಿ ಹಾರಿದ್ದೂ ಅದೇ ಎತ್ತರವನ್ನು. ತಪ್ಪಿದ ಪ್ರಯತ್ನಗಳ ಎಣಿಕೆಯಲ್ಲಿ ಚಿನ್ನ ಅವರಿಗೆ ಹೋಯಿತು. ಆ ಪಟ್ಟಿಯ ಕೆಳಗೆ ನಿಂತು ಮಕ್ಕಳು ಕೈ ಎತ್ತಿ ಮುಟ್ಟಲು ನೋಡುತ್ತಾರೆ. ನಾಲ್ಕನೇ ತರಗತಿಯಲ್ಲಿ ಬಹಳ ಮಂದಿಗೆ ಚಾಚಿದ ಬೆರಳ ತುದಿಯೇ ಅಲ್ಲಿಗೆ ಕಷ್ಟಪಟ್ಟು ಮುಟ್ಟುತ್ತದೆ. ಹಾಸನದಲ್ಲೇ ಹುಟ್ಟಿದ ಸುಹಾಸ್ ಯತಿರಾಜ್ ಪ್ಯಾರಾ ಬ್ಯಾಡ್ಮಿಂಟನ್‌ನಲ್ಲಿ ಟೋಕಿಯೊ, ಪ್ಯಾರಿಸ್ ಎರಡು ಕಡೆಯೂ ಬೆಳ್ಳಿ ಗೆದ್ದರು. ಒಲಿಂಪಿಕ್ಸ್ ಮುಗಿದ ಕೂಡಲೇ ನಾವು ಪತ್ರಿಕೆಯ ಕ್ರೀಡಾಪುಟ ಮಡಿಸಿಡುತ್ತೇವೆ. ಹಾಗೆ ಮಾಡಬೇಡಿ, ಇನ್ನೊಂದು ತಿಂಗಳು ತೆರೆದೇ ಇಡಿ. ಅದೇ ಊರಿನಲ್ಲಿ ಪ್ಯಾರಾಲಿಂಪಿಕ್ಸ್ ನಡೆಯುತ್ತದೆ.

ಒಲಿಂಪಿಕ್ಸ್ ಉದ್ಘಾಟನೆಯ ಪಾರಿವಾಳದ ಮಾತು ಚುಟುಕಾಗಿ ಹೇಳಿ ಮುಗಿಸುತ್ತೇನೆ. ರಟ್ಟಿನಲ್ಲಿ ಹಕ್ಕಿಯ ಮೈ ಕತ್ತರಿಸಿ, ಹೊಟ್ಟೆಯ ಮೇಲ್ಭಾಗದಲ್ಲಿ ಒಂದು ಸೀಳು ಮಾಡಿ. ಬಿಳಿ ಕಾಗದವನ್ನು ಬೀಸಣಿಗೆಯಂತೆ ನೆರಿಗೆ ಮಡಿಸಿ ಆ ಸೀಳಿನಲ್ಲಿ ತೂರಿಸಿ ಎರಡು ಕಡೆ ಬಿಡಿಸಿದರೆ ರೆಕ್ಕೆ. ಮೊದಲೆಲ್ಲ ಉದ್ಘಾಟನೆಯಲ್ಲಿ ಜೀವಂತ ಪಾರಿವಾಳಗಳನ್ನು ಹಾರಿಬಿಡುತ್ತಿದ್ದರು. 1988ರ ಸೋಲ್ ಕೂಟದಲ್ಲಿ ಜ್ಯೋತಿಯ ಕುಂಡದ ಅಂಚಿನಲ್ಲಿ ಕೆಲವು ಹಕ್ಕಿಗಳು ಕುಳಿತಿದ್ದಾಗಲೇ ಬೆಂಕಿ ಹೊತ್ತಿತು. ಅದನ್ನು ಟಿವಿಯಲ್ಲಿ ಕಂಡ ಜನ ಬಹಳ ನೊಂದರು. ಈಗ ಜೀವಂತ ಹಕ್ಕಿಯ ಬದಲು ಸಂಕೇತದ ಹಕ್ಕಿ. ಟೋಕಿಯೊ ಉದ್ಘಾಟನೆಯಲ್ಲಿ ಆಕಾಶದಿಂದ ಇಳಿದು ಬಂದವು ಕಾಗದದ ಪಾರಿವಾಳಗಳು. ಮಕ್ಕಳು ಮಾಡುವ ಹಕ್ಕಿ ಆ ದೊಡ್ಡ ಕ್ರೀಡಾಂಗಣದ ಹಕ್ಕಿಗೆ ಒಡಹುಟ್ಟು.

ಕೊನೆಗೆ ಪದಕ. ಇದಕ್ಕಾಗಿಯೇ ನಾನು ಅರ್ಧ ಸಮಯ ಉಳಿಸಿಕೊಳ್ಳಬೇಕಿತ್ತು.

ಪದಕ ಎಂದರೆ ಗುಂಡಗೆ ಕತ್ತರಿಸಿದ ರಟ್ಟಿಗೆ ಹಳದಿ ಕಾಗದ ಹಚ್ಚುವುದು ಎಂದೇ ನಾನೂ ತಿಳಿದಿದ್ದೆ. 2016ರ ಸೆಪ್ಟೆಂಬರ್‌ನಲ್ಲಿ ರಿಯೊ ಪ್ಯಾರಾಲಿಂಪಿಕ್ಸ್ ಪದಕದ ಸುದ್ದಿ ಓದಿದೆ. ಆ ಪದಕಗಳ ಒಳಗೆ ಪುಟ್ಟ ಉಕ್ಕಿನ ಗುಂಡುಗಳನ್ನು ಇಟ್ಟಿದ್ದರು. ಕಂಚಿನ ಪದಕದಲ್ಲಿ 16, ಬೆಳ್ಳಿಯಲ್ಲಿ 20, ಚಿನ್ನದಲ್ಲಿ 28. ಕಣ್ಣು ಕಾಣದ ಆಟಗಾರರು ಕಿವಿಯ ಹತ್ತಿರ ಹಿಡಿದು ಆಡಿಸಿದರೆ ಯಾವ ಪದಕ ಎಂದು ಸದ್ದಿನಿಂದಲೇ ತಿಳಿಯಲಿ ಎಂದು. ಆ ಸುದ್ದಿಯನ್ನು ಕತ್ತರಿಸಿ ಚೀಲದಲ್ಲಿಟ್ಟುಕೊಂಡು ಶಾಲೆಗೆ ಹೋದೆ.

ಮಾಡುವ ಬಗೆ ಹೀಗೆ. ಎಂಟೂವರೆ ಸೆಂಟಿಮೀಟರ್ ಅಡ್ಡಳತೆಯ ಡಬ್ಬಿ ಮುಚ್ಚಳ ಹುಡುಕಿ. ಪ್ಯಾರಿಸ್ ಒಲಿಂಪಿಕ್ಸ್ ಪದಕದ ಅಳತೆ ಅಷ್ಟೇ ಇತ್ತು. ರಟ್ಟಿನ ಮೇಲೆ ಮುಚ್ಚಳ ಇಟ್ಟು ಒಂದು ಪದಕಕ್ಕೆ ಎರಡು ಬಿಲ್ಲೆ ಕತ್ತರಿಸಿ. ದಿನಪತ್ರಿಕೆಯ ಹಾಳೆಯನ್ನು ಹಗ್ಗದಂತೆ ಬಿಗಿಯಾಗಿ ಹೊಸೆದು, ಒಂದು ಬಿಲ್ಲೆಯ ಅಂಚಿನ ಸುತ್ತ ಅಂಟಿಸಿ. ಪುಟ್ಟ ತಟ್ಟೆಯ ಹಾಗೆ ಆಗುತ್ತದೆ. ಅದರೊಳಗೆ ಕಾಳು ಹಾಕಿ, ಇನ್ನೊಂದು ಬಿಲ್ಲೆ ಮುಚ್ಚಿ ಅಂಟಿಸಿ. ಕಾಳು ಎಣಿಸುವ ಕೆಲಸ ಮಕ್ಕಳದ್ದು. ಗುಲಗಂಜಿ ಚೆಂದ ಕಾಣುತ್ತದೆ ಎಂದು ಎತ್ತಿಕೊಳ್ಳಬೇಡಿ, ಅದು ವಿಷ.

ನಾವು ಮೊದಲು ರಾಗಿ ಹಾಕಿದೆವು. ಮೂರೂ ಪದಕ ಒಂದೇ ರೀತಿ ಸರಸರ ಎಂದವು. ಹೆಸರುಕಾಳು ಹಾಕಿದೆವು, 16, 20, 28 ಎಣಿಸಿಯೇ ಹಾಕಿದೆವು. ನನ್ನ ಕಿವಿಗೆ ವ್ಯತ್ಯಾಸ ತಿಳಿಯಲಿಲ್ಲ, ಮಕ್ಕಳಿಗೂ ತಿಳಿಯಲಿಲ್ಲ. ಹುಡುಗಿಯ ಕೈಗೆ ಕೊಟ್ಟೆವು. ಒಂದೊಂದನ್ನೂ ಕಿವಿಗೆ ಹಿಡಿದು ಬಹಳ ಹೊತ್ತು ಆಡಿಸಿದಳು. ಕಂಚನ್ನು ಸರಿಯಾಗಿ ಹೇಳಿದಳು. ಬೆಳ್ಳಿಯನ್ನು ಚಿನ್ನ ಎಂದಳು. ಮೂರನೆಯದನ್ನು ಆಡಿಸಿ, ಆಡಿಸಿ, ‘ಇದು ಕೆಟ್ಟೋಗಿದೆ ಮಿಸ್, ಕಾಳು ಅಂಟ್ಕೊಂಡಿದೆ’ ಎಂದಳು. ಬಿಚ್ಚಿ ನೋಡಿದರೆ ಹೌದು. ಅಂಟು ಒಣಗುವ ಮೊದಲೇ ನಾನು ಆತುರಪಟ್ಟು ಕಾಳು ಸುರಿದಿದ್ದೆ. ಅರ್ಧಕ್ಕರ್ಧ ಕಾಳು ರಟ್ಟಿಗೆ ಕಚ್ಚಿಕೊಂಡಿದ್ದವು. ಚಿನ್ನದ ಪದಕ ಮೂಕವಾಗಿತ್ತು. ಆದ್ದರಿಂದ ಅಂಚು ಕಟ್ಟಿದ ಮೇಲೆ ಒಂದು ರಾತ್ರಿ ಒಣಗಲು ಬಿಡಿ, ಕಾಳು ಮರುದಿನ ಹಾಕಿ. ಮುಚ್ಚುವಾಗ ಅಂಟು ಹೊಸೆದ ಅಂಚಿಗೆ ಮಾತ್ರ ಇರಲಿ. ಕಾಳು ಬೇರೆಬೇರೆಯಾಗಿದ್ದರೆ ಸದ್ದು ಎಲ್ಲರಿಗೂ ತಿಳಿಯುತ್ತದೆ. ಕಂಚಿಗೆ ರಾಗಿ, ಬೆಳ್ಳಿಗೆ ಹೆಸರುಕಾಳು, ಚಿನ್ನಕ್ಕೆ ಹುಣಸೆಬೀಜ ಎಂದು ಕೊನೆಗೆ ಗೊತ್ತುಮಾಡಿದವಳೂ ಅವಳೇ.

ಟೋಕಿಯೊ ಪ್ಯಾರಾಲಿಂಪಿಕ್ಸ್ ಬಂದಾಗ ಪದಕದ ಅಂಚಿನಲ್ಲೇ ಗುರುತು ಮಾಡಿದರು. ಚಿನ್ನಕ್ಕೆ ಒಂದು ಗುಳಿ, ಬೆಳ್ಳಿಗೆ ಎರಡು, ಕಂಚಿಗೆ ಮೂರು. ಬೆರಳಾಡಿಸಿದರೆ ತಿಳಿಯುವ ಹಾಗೆ. ನೀವು ಪದಕದ ದಾರಕ್ಕೆ ಒಂದು, ಎರಡು, ಮೂರು ಗಂಟು ಹಾಕಿ, ಅದೇ ಕೆಲಸ ಆಗುತ್ತದೆ. ಟೋಕಿಯೊ ಪದಕಗಳ ಲೋಹ ಬಂದದ್ದು ಜಪಾನಿನ ಜನ ಕೊಟ್ಟ ಹಳೆಯ ಮೊಬೈಲು ಮತ್ತು ವಿದ್ಯುತ್ ಉಪಕರಣಗಳಿಂದ; ಮೊಬೈಲುಗಳೇ 60 ಲಕ್ಷಕ್ಕೂ ಹೆಚ್ಚು. ಹಳೆಯ ಲಗ್ನಪತ್ರಿಕೆಯಿಂದ ಪದಕ ಮಾಡುವ ಮಗುವಿಗೆ ಇದನ್ನು ಹೇಳಿ. ಚಿನ್ನದ ಪದಕ ಪೂರ್ತಿ ಚಿನ್ನವಲ್ಲ ಎನ್ನುವುದನ್ನೂ ಹೇಳಬಹುದು. ಪೂರ್ತಿ ಚಿನ್ನದ್ದನ್ನು ಕೊಟ್ಟದ್ದು 1912ರ ಸ್ಟಾಕ್‌ಹೋಮ್ ಕೂಟಕ್ಕೆ ಕೊನೆ. ಈಗ ಒಳಗೆ ಬೆಳ್ಳಿ, ಹೊರಗೆ ಕನಿಷ್ಠ 6 ಗ್ರಾಂ ಚಿನ್ನದ ಲೇಪ. 1896ರಲ್ಲಿ ಅಥೆನ್ಸ್‌ನಲ್ಲಿ ನಡೆದ ಮೊದಲ ಆಧುನಿಕ ಕೂಟದಲ್ಲಂತೂ ಗೆದ್ದವರಿಗೆ ಕೊಟ್ಟದ್ದೇ ಬೆಳ್ಳಿ ಪದಕ, ಜೊತೆಗೊಂದು ಆಲಿವ್ ರೆಂಬೆ.

ಅಂಗಡಿಯಲ್ಲಿ ಈಗ ಎಲ್ಲವೂ ಕತ್ತರಿಸಿಟ್ಟ ಪೊಟ್ಟಣ ಸಿಗುತ್ತದೆ, ಅಂಟಿಸಿದರೆ ಮುಗಿಯಿತು. ತಾಯಂದಿರೇ, ಅದನ್ನು ತರಬೇಡಿ. ಮಗು ಕತ್ತರಿಸಿದ ಬಿಲ್ಲೆ ಸೊಟ್ಟಗಿದ್ದರೆ ಇರಲಿ, ನೀವು ತಿದ್ದಲು ಹೋಗಬೇಡಿ. ಕಾಳು ಎಣಿಸುವಾಗ ತಪ್ಪಿದರೆ ಮತ್ತೆ ಮೊದಲಿನಿಂದ ಎಣಿಸಲಿ.

ನನ್ನ ಜೊತೆ ಮೂರು ಪದಕ ತಂದಿದ್ದೇನೆ. ಅಂದು ಆ ಹುಡುಗಿ ಗೊತ್ತುಮಾಡಿದ ಲೆಕ್ಕದಲ್ಲೇ ನಿನ್ನೆ ರಾತ್ರಿ ಕಾಳು ಹಾಕಿ ಮುಚ್ಚಿದ್ದು. ಮನೆಯಲ್ಲಿ ಫ್ಯಾನು ಒಂದು ನಿಮಿಷ ನಿಲ್ಲಿಸಿ, ಮಕ್ಕಳನ್ನು ರೇಡಿಯೊ ಹತ್ತಿರ ಕರೆಯಿರಿ. ಮೈಕಿನ ಮುಂದೆ ಒಂದೊಂದಾಗಿ ಆಡಿಸುತ್ತೇನೆ. ಇದು ಮೊದಲನೆಯದು. ಇದು ಎರಡನೆಯದು. ಇದೋ, ಮೂರನೆಯದು. ಇವುಗಳಲ್ಲಿ ಚಿನ್ನ ಯಾವುದು ಎಂದು ಮಕ್ಕಳೇ ಹೇಳಲಿ.